ವಿಮಾನದಲ್ಲಿ ಟವೆಲ್ ಹಾಕಿದ್ದು

ಮೊನ್ನೆ ನನ್ನನ್ನು ವಿಮಾನದಿಂದ ಇಳಿಸಿದರು. ಕೈಯಲ್ಲಿ ಟಿಕೆಟ್ ಇತ್ತು, ಜೇಬಿನಲ್ಲಿ ಆಧಾರ್ ಇತ್ತು, ಸೊಂಟಕ್ಕೆ ಎರಡು ಬೆಲ್ಟ್ ಇದ್ದವು (ಒಂದು ನನ್ನದು, ಒಂದು ವಿಮಾನದ್ದು). ಆದರೂ ಇಳಿಸಿದರು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರ ಸಿಗುತ್ತದೆ, ಆ ಸುಖವನ್ನು ನನ್ನ ಕೈಯಾರೆ ನಾನು ಕೊಡಲಾರೆ. ನನ್ನದೇನೂ ತಪ್ಪಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಕೇಳಿದ ಮೇಲೆ ನೀವೂ ಹಾಗೇ ಹೇಳುತ್ತೀರಿ. ನನ್ನ ಹೆಂಡತಿ ಸಾವಿತ್ರಿಬಾಯಿ ಮಾತ್ರ ಹೇಳುವುದಿಲ್ಲ. ಮದುವೆಯಾದಾಗಿನಿಂದ ಅವಳು ನನ್ನ ವಿಷಯದಲ್ಲಿ ಆ ಮಾತು ಹೇಳಿದ್ದೇ ಇಲ್ಲ.

ನಾನು ಸೂರ್ಯಕಾಂತ. ಮೂಲ ರಾಯಚೂರು ಜಿಲ್ಲೆ, ಮನೆ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಕೆಲಸ ಜೀಡಿಮೆಟ್ಲಾದ ಒಂದು ಗುಳಿಗೆ ಕಾರ್ಖಾನೆಯಲ್ಲಿ. ಅಲ್ಲಿ ನಾನು ಯೂನಿಯನ್ನಿನ ಕಾರ್ಯದರ್ಶಿ. ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಇರಬೇಕೆಂಬ ಮೂಲಭೂತ ಹಕ್ಕನ್ನು ಕಾರ್ಮಿಕ ವರ್ಗಕ್ಕೆ ದೊರಕಿಸಿಕೊಟ್ಟವನು ನಾನೇ. (ಬೇಳೆ ಈಗ ಮತ್ತೆ ಕಾಣೆಯಾಗಿದೆ, ಆ ಮಾತು ಬೇರೆ.) ಗೇಟಿನ ಮುಂದೆ ನಿಂತು, "ಇವತ್ತ ಇಲ್ಲಿಂದ ಲಾರಿ ಹೆಂಗ ಹೊರಗ ಹೋಗ್ತೈತಿ ನಾ ನೋಡ್ತೀನಿ" ಎಂದು ನಾನು ಗುಡುಗಿದರೆ ಮ್ಯಾನೇಜರು ಚಹಾ ತರಿಸುತ್ತಾನೆ. ಲಾರಿ ಎಂದಿನಂತೆ ಹೋಗುತ್ತದೆ, ಆದರೆ ಚಹಾ ಕುಡಿದ ಮೇಲೆ ಹೋಗುತ್ತದೆ.

ನನಗೆ ಗೊತ್ತಿರುವ ಇನ್ನೊಂದು ವಿದ್ಯೆ ಟವೆಲ್ ಹಾಕುವುದು. ನಮ್ಮ ಕಡೆಯ ಪ್ಯಾಸೆಂಜರ್ ಗಾಡಿ ಕಾಚಿಗೂಡದ ಪ್ಲಾಟ್‌ಫಾರ್ಮಿಗೆ ಬರುವಾಗ, ಅದು ನಿಲ್ಲುವ ಮೊದಲೇ, ಜೊತೆಗೆ ಓಡುತ್ತ ಕಿಟಕಿಯ ಸರಳುಗಳ ನಡುವಿನಿಂದ ಟವೆಲ್ ತೂರಿ ಸೀಟಿನ ಮೇಲೆ ಬೀಳಿಸಬೇಕು. ಬಿತ್ತೋ, ಸೀಟು ನಿಮ್ಮದು. ಆಮೇಲೆ ನೀವು ನಿಧಾನಕ್ಕೆ ಹತ್ತಿ, ಬಾಗಿಲಲ್ಲಿ ಒಂದಿಷ್ಟು ಹರಟಿ, ಬಂದು ಕೂರಬಹುದು. ಹಾಲಿನ ಕ್ಯಾನಿನವನಿರಲಿ, ಪೊಲೀಸಿನವನಿರಲಿ, ಟವೆಲ್ ಕಂಡರೆ ಮುಂದೆ ಹೋಗುತ್ತಾನೆ. ಯಾವ ಪುಸ್ತಕದಲ್ಲೂ ಬರೆದಿಲ್ಲದಿದ್ದರೂ ಈ ದೇಶದ ಜನ ತಪ್ಪದೆ ಪಾಲಿಸುವ ಏಕೈಕ ಕಾನೂನು ಇದು. ನನ್ನದು ಕೆಂಪು ಅಂಚಿನ ಬಿಳಿ ಟವೆಲ್. ನನ್ನ ಮದುವೆಯ ಊಟದಲ್ಲಿ ಮೊದಲ ಪಂಕ್ತಿಗೆ ನಾನೇ ಟವೆಲ್ ಹಾಕಿದ್ದೆ, ವರನಾಗಿದ್ದರೂ.

ಈಗ ಸಂಗತಿಗೆ ಬರುತ್ತೇನೆ. ನಮ್ಮ ಒಬ್ಬಳೇ ಮಗಳು ಕಾವ್ಯಾಳನ್ನು ಪುಣೆಗೆ ಕೊಟ್ಟಿದ್ದೇವೆ. ಅಳಿಯ ಮಿಲಿಂದ ಮರಾಠಿಯವನು, ಚಿನ್ನದಂಥ ಹುಡುಗ. ಕಾವ್ಯಾಳಿಗೆ ಏಳು ತಿಂಗಳು ತುಂಬಿತು, ಕುಬುಸ ಮಾಡಬೇಕು. ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ದು ಮಗಳಿಗೆ ಉಡಿಸಿ, ಉಡಿ ತುಂಬಿ, ಹಾಡು ಹೇಳಿ ಆರತಿ ಎತ್ತುವುದು ನಮ್ಮ ಪದ್ಧತಿ. ಅವರಲ್ಲಿಯೂ ಹೆಚ್ಚುಕಡಿಮೆ ಅದೇ ಇದೆ, ಅವರ ಮನೆಯಲ್ಲಿಯೂ ಒಂದು ಹಸಿರು ಸೀರೆ ತಯಾರಾಗಿತ್ತು. ಬೀಗತಿ ಫೋನಿನಲ್ಲಿ ಬಹಳ ನಯವಾಗಿ ಹೇಳಿದರು: ಮೊದಲು ನಿಮ್ಮದೇ ಉಡಿಸೋಣ, ಆದರೆ ಹನ್ನೆರಡರ ಒಳಗೆ ಆಗಬೇಕು, ಆಮೇಲೆ ಹೊತ್ತು ಚೆನ್ನಾಗಿಲ್ಲ, ನೀವು ಬರುವುದು ತಡವಾದರೆ ನಮ್ಮದನ್ನು ಉಡಿಸಿಬಿಡುತ್ತೇವೆ.

ಸಾವಿತ್ರಿ ಫೋನು ಇಟ್ಟವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ನ ಮಗಳ ಮೈಮ್ಯಾಲ ತವರಮನಿ ಸೀರಿನ ಮದ್ಲ ಬೀಳಬೇಕು. ಇಲ್ಲಂದ್ರ ನಾ ಆ ಮನಿ ಹೊಸ್ತಲಾ ತುಳಿಯಂಗಿಲ್ಲ."

ಕೋಠಿಯ ಅಂಗಡಿಗಳನ್ನೆಲ್ಲ ಜಾಲಾಡಿ ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ ತಂದಳು. ಅದನ್ನು ಆರಿಸುವಷ್ಟು ಹೊತ್ತು ಅವಳು ಗಂಡನನ್ನು ಆರಿಸುವುದಕ್ಕೂ ತೆಗೆದುಕೊಂಡಿರಲಿಲ್ಲ. ಅವಳಿಗೆ ಉಳಿದದ್ದು ಒಂದೇ ಕೊರತೆ. ಅಲ್ಲಿ ಕುಬುಸದ ಕನ್ನಡ ಹಾಡು ಹೇಳುವವರು ಯಾರೂ ಇರಲಿಲ್ಲ, ಇವಳ ಕಂಠವೋ ನನ್ನನ್ನು ಬೈಯುವುದರಲ್ಲೇ ಸವೆದುಹೋಗಿದೆ.

"ಹಿಂದಿನ ದಿನಾನ ರೈಲಿಗೆ ಹೋಗೂಣ್ರಿ" ಎಂದಳು.

"ಕಾಲ ಬದಲಾಗೈತಿ ಸಾವಿತ್ರಿ. ವಿಮಾನಕ್ಕ ಹೋಗೂಣು. ಅವತ್ತ ಮುಂಜಾನಿ ಎಂಟಕ್ಕ ಹತ್ತಿದ್ರ ಒಂಬತ್ತೂವರಿ ಅನ್ನೂದ್ರಾಗ ಪುಣೆ. ನಡುವ ಚಾ ಕುಡದು ಒಂದ ನಿದ್ದಿನೂ ಮಾಡಬಹುದು."

"ವಿಮಾನ ತಡಾ ಆದ್ರ?"

"ರೈಲು ತಡಾ ಆಗಂಗಿಲ್ಲೇನು?"

"ರೈಲು ತಡಾ ಆದ್ರ ರೈಲಿನಾಗರೆ ಇರ್ತೀವಿ. ವಿಮಾನ ತಡಾ ಆದ್ರ ಶಂಷಾಬಾದಿನಾಗ ಇರ್ತೀವಿ." ಆಮೇಲೆ ದನಿ ತಗ್ಗಿಸಿ, "ಟಿಕೆಟ್ ಇದ್ರೂ ಸೀಟ ಇಲ್ಲಂತ ಬಿಟ್ಟ ಹೋಗ್ತಾರಂತಲ್ರಿ. ಕೆಳಗಿನ ಮನಿ ಗಂಗಾಬಾಯಿ ಹೇಳಾಕತ್ತಿದ್ಲು" ಎಂದಳು.

ನಾನು ನಕ್ಕೆ. "ನನ್ನ ಬಿಟ್ಟ ಹೋಗ್ತಾರ? ಟಿಕೆಟ್ ಇದ್ದಾವನ್ನ ಎಬ್ಬಸಾಕ ಬ್ರಹ್ಮ ಬಂದ್ರೂ ಆಗಂಗಿಲ್ಲ. ನೀ ಸುಮ್ಮನ ಸೀರಿ ಮಡಚು."

ಆ ವಾರವೆಲ್ಲ ಕಂಪನಿಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ವಿಮಾನದ ನಿಯಮಗಳನ್ನು ಅಧ್ಯಯನ ಮಾಡಿದೆ. ಬ್ರಹ್ಮನ ವಿಷಯ ಅಲ್ಲೇನೂ ಇರಲಿಲ್ಲ. ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿಕೊಳ್ಳುತ್ತಾರಂತೆ, ಯಾರಾದರೂ ಬರದೆ ಉಳಿಯುತ್ತಾರೆ ಎಂಬ ಭರವಸೆಯಲ್ಲಿ. ಎಲ್ಲರೂ ಬಂದುಬಿಟ್ಟರೆ ಕೆಲವರನ್ನು ಬಿಟ್ಟು ಹೋಗುತ್ತಾರೆ. ಆದರೆ ಹಾಗೆ ಬಿಡುವ ಮುನ್ನ, ತಾವಾಗಿಯೇ ಸೀಟು ಬಿಟ್ಟುಕೊಡುವವರು ಯಾರಾದರೂ ಇದ್ದಾರೆಯೇ ಎಂದು ಎಲ್ಲರನ್ನೂ ಕೇಳಬೇಕು. ಬಿಟ್ಟುಕೊಟ್ಟವರಿಗೆ ಏನಾದರೂ ಅನುಕೂಲ ಮಾಡಿಕೊಡಬೇಕು. ಒಲ್ಲೆ ಅಂದವನನ್ನು ಬಿಟ್ಟು ಹೋದರೆ ಪರಿಹಾರ ಕೊಡಬೇಕು. ಇದಿಷ್ಟನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಅದರ ಆಚೆ ಇನ್ನೊಂದು ಅಧ್ಯಾಯವಿತ್ತು, ವಿಮಾನದೊಳಗೆ ದುರ್ವರ್ತನೆ ತೋರುವ ಪ್ರಯಾಣಿಕರ ಬಗ್ಗೆ. ಕುಡುಕರಿಗಾಗಿ ಬರೆದದ್ದಿರಬೇಕು ಅಂದುಕೊಂಡು ಅದನ್ನು ಓದಲಿಲ್ಲ. ನಾನು ಚಹಾ ಬಿಟ್ಟರೆ ಬೇರೇನೂ ಕುಡಿಯುವವನಲ್ಲ.

ಹೊರಡುವ ದಿನ ದೊಡ್ಡ ಪೆಟ್ಟಿಗೆಯಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಉಡಿಯ ಸಾಮಾನು. ಸೀರೆ ಮತ್ತು ಬಳೆ ಒಂದು ಬಟ್ಟೆಯ ಚೀಲದಲ್ಲಿ. ವಿಮಾನದ ಹೊಟ್ಟೆಯ ಮೇಲೆ ಸಾವಿತ್ರಿಗೆ ನಂಬಿಕೆಯಿರಲಿಲ್ಲ. ಚೀಲವನ್ನು ನನ್ನ ಹೆಗಲಿಗೆ ಹಾಕಿ, "ಇದು ಪುಣೆ ಮುಟ್ಟೂತನಕ ನಿಮ್ಮ ಹೆಗಲ ಬಿಟ್ಟ ಇಳೀಬಾರ್ದು" ಎಂದಳು. ಇನ್ನೊಂದು ಹೆಗಲ ಮೇಲೆ ನನ್ನ ಟವೆಲ್ ಇತ್ತು. ಎರಡೂ ಕಡೆ ಜವಾಬ್ದಾರಿ ಹೊತ್ತು ನಾನು ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಇಳಿದೆ.

ಪೆಟ್ಟಿಗೆ ಕೊಡುವಲ್ಲಿ ತಕರಾರಾಯಿತು. ಒಳಗೆ ಕೊಬ್ಬರಿ ಬಟ್ಟಲು ಇದೆಯೇ ಎಂದು ಕೇಳಿದರು. ಇದೆ ಅಂದೆವು. ಒಣ ಕೊಬ್ಬರಿ ವಿಮಾನಕ್ಕೆ ನಿಷಿದ್ಧವಂತೆ, ಎಣ್ಣೆಯಿರುತ್ತದೆ, ಬೆಂಕಿ ಹತ್ತಬಹುದಂತೆ. "ಕೊಬ್ಬರಿ ಇಲ್ಲದ ಉಡಿ ತುಂಬೂದು ಹೆಂಗ?" ಎಂದು ಸಾವಿತ್ರಿ ಅಲ್ಲಿಯೇ ಪೆಟ್ಟಿಗೆ ಬಿಚ್ಚಿ ಕೂತಳು. ಕೊಬ್ಬರಿ ಹುಡುಕಿ ತೆಗೆದು, ಪೆಟ್ಟಿಗೆ ಮತ್ತೆ ಮುಚ್ಚಿ, ನಾನು ಅದರ ಮೇಲೆ ಕೂತು ಬೀಗ ಹಾಕುವಷ್ಟರಲ್ಲಿ ನಮ್ಮ ಹಿಂದಿದ್ದವರೆಲ್ಲ ಮುಂದೆ ಹೋಗಿಯಾಗಿತ್ತು. ಕೌಂಟರಿನವನು ಸೀಟಿನ ನಂಬರ್ ಇಲ್ಲದ ಚೀಟಿ ಕೊಟ್ಟು, ನಂಬರನ್ನು ಗೇಟಿನಲ್ಲಿ ಕೊಡುತ್ತಾರೆ ಎಂದ. ನನಗೆ ಆಗಲೇ ವಾಸನೆ ಹತ್ತಿತು.

ಗೇಟಿನಲ್ಲಿ ನಮ್ಮ ಹೆಸರು ಕೂಗಿದರು. ನಾವಿಬ್ಬರು ಮತ್ತು ಇನ್ನೊಬ್ಬ ಹೆಂಗಸು, ಒಟ್ಟು ಮೂವರು. ಆ ಹೆಂಗಸಿನ ಹೆಸರು ಗದಿಗೆಮ್ಮ. ನಮ್ಮ ಕಡೆಯವಳೇ, ಯಾದಗಿರಿಯವಳು, ಕೋಠಿಯಲ್ಲಿ ಕುಬುಸದ ಖಣ ಮಾರುವ ವ್ಯಾಪಾರಸ್ಥೆ. ಅರವತ್ತರ ಮೇಲೆ ವಯಸ್ಸು, ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಸಂತೆಯಲ್ಲಿ ಬೆಳೆದ ಗಂಟಲು. ಪುಣೆಯ ತಂಗಿಯ ಮನೆಗೆ ಹೊರಟಿದ್ದಳು, ಮೊದಲ ಸಲ ವಿಮಾನ ಹತ್ತುತ್ತಿದ್ದಳು.

"ಫ್ಲೈಟ್ ಫುಲ್ ಅಯಿಪೋಯಿಂದಿ ಸರ್" ಎಂದಳು ಗೇಟಿನ ಹುಡುಗಿ, ನಗುತ್ತಲೇ. ನಿಮ್ಮ ಮೂವರನ್ನೂ ಸಂಜೆಯ ವಿಮಾನಕ್ಕೆ ಕಳಿಸುತ್ತೇವೆ ಎಂದು ಸೇರಿಸಿದಳು.

ಸಾವಿತ್ರಿ ನನ್ನ ತೋಳು ಹಿಡಿದಳು. ಅವಳ ಮುಖ ನೋಡಲಾಗಲಿಲ್ಲ. "ಸಂಜೀಕ ಹೋಗಿ ಏನ್ ಮಾಡೂದ್ರಿ? ಹನ್ನೆರಡಕ್ಕ ಅವರು ತಮ್ಮ ಸೀರಿ ಉಡಿಸ್ತಾರ" ಎಂದಳು. ಬೈಯಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಅವಳ ದನಿ ನಡುಗಿದ್ದು ನನ್ನಿಂದ ತಡೆಯಲಾಗಲಿಲ್ಲ.

ನಾನು ಅಲ್ಲಿದ್ದ ಕುರ್ಚಿಯ ಮೇಲೆ ಹತ್ತಿ ನಿಂತೆ. "ದೇಖೋ ಭಾಯಿ" ಎಂದು ಶುರುಮಾಡಿದವನು ದಖ್ಖನಿ ಉರ್ದುವಿನಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಇಳಿದೆ. ಇವತ್ತು ಈ ಮೂವರನ್ನು ಬಿಟ್ಟು ಹೋಗುವವರು ನಾಳೆ ನಿಮ್ಮನ್ನು ಬಿಟ್ಟು ಹೋಗುತ್ತಾರೆ ಎಂದೆ. ಸೀಟು ಬಿಟ್ಟುಕೊಡುವವರು ಇದ್ದಾರೆಯೇ ಎಂದು ಮೊದಲು ಕೇಳಬೇಕು, ಅದು ನಿಯಮ, ಇವರು ಕೇಳಿದರೇ ಎಂದೆ. ಕೊನೆಗೆ ಗದಿಗೆಮ್ಮನ ಕಡೆ ಕೈಚಾಚಿ, "ಈ ಹಿರಿಯ ತಾಯಿನ್ನ ನೋಡ್ರಿ. ಟಿಕೆಟ್ ಇದ್ದಾಕಿನ್ನ ಎಬ್ಬಸಾಕ ಬ್ರಹ್ಮ ಬಂದ್ರೂ ಆಗಂಗಿಲ್ಲ" ಎಂದೆ. ಜನ ಚಪ್ಪಾಳೆ ತಟ್ಟಿದರು. ಗದಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮಪ್ಪ, ನಿನ್ನ ಬಾಯಾಗ ಸಕ್ರಿ ಹಾಕ" ಎಂದಳು. ಸಾಂಬಾರಿನ ಬೇಳೆಗೂ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಕೋಟು ತೊಟ್ಟ ಅಧಿಕಾರಿಯೊಬ್ಬ ಓಡಿಬಂದ. ನಿಯಮ ಹೇಳಿದೆ, ಒಪ್ಪಿಕೊಂಡ. ಮೈಕಿನಲ್ಲಿ ಕೂಗಿಸಿದ: ಯಾರಾದರೂ ಸ್ವಂತ ಇಚ್ಛೆಯಿಂದ ಸಂಜೆಯ ವಿಮಾನಕ್ಕೆ ಬರುತ್ತೀರಾ, ಊಟದ ಕೂಪನ್ ಕೊಡುತ್ತೇವೆ, ಮುಂದಿನ ಒಂದು ಪ್ರಯಾಣ ಉಚಿತ. ಒಂದೇ ಆಫೀಸಿನ ಮೂವರು ಹುಡುಗರು ಒಮ್ಮೆಲೇ ಕೈಯೆತ್ತಿದರು. ಪುಣೆಯಲ್ಲಿ ಅವರಿಗೆ ಸಾಹೇಬರ ಜೊತೆ ಮೀಟಿಂಗ್ ಇತ್ತಂತೆ. ಅವರಲ್ಲಿ ರಾಹುಲ ಎಂಬುವನು ನನ್ನನ್ನು ತಬ್ಬಿಕೊಂಡು, "ಅಂಕಲ್, ನೀವು ದೇವರು" ಎಂದ. ಅವರು ಬಿಟ್ಟುಕೊಟ್ಟ ಮೂರು ಸೀಟು ನಮಗೆ ಬಂದವು. ಹಿಂದುಗಡೆ ಜೋಡಿ ಎರಡು ಸೀಟು, ಅದರಲ್ಲಿ ಕಿಟಕಿಯದು ಗದಿಗೆಮ್ಮನಿಗೆ, ಪಕ್ಕದ್ದು ಸಾವಿತ್ರಿಗೆ. ಮುಂದೆಲ್ಲೋ ನಡುವಿನ ಒಂದು ಸೀಟು ನನಗೆ.

"ನೋಡಿದಿ?" ಎಂದೆ ಸಾವಿತ್ರಿಗೆ.

"ನೋಡಿದೆ. ಇನ್ನ ಸುಮ್ಮನ ಹೋಗಿ ನಿಮ್ಮ ಸೀಟಿನಾಗ ಕುಂದರ್ರಿ" ಎಂದಳು. ಅವಳ ಮುಖದಲ್ಲಿ ಹೆಮ್ಮೆಯಂಥದ್ದು ಏನೋ ಕಂಡಿತು. ಆ ಹೆಮ್ಮೆಯೇ ನನ್ನನ್ನು ಕೆಡಿಸಿತು.

ಗೆದ್ದ ಸೇನಾಧಿಪತಿ ನಡುವಿನ ಸೀಟಿನಲ್ಲಿ, ಗುರುತಿಲ್ಲದ ಇಬ್ಬರ ಮೊಣಕೈಗಳ ಮಧ್ಯೆ ಕೂರುವುದೇ? ಹೆಂಡತಿ ಮೊದಲ ಸಲ ಆಕಾಶಕ್ಕೆ ಏರುವಾಗ ಗಂಡನಾದವನು ಪಕ್ಕದಲ್ಲಿರಬೇಡವೇ? (ಕಿಟಕಿಯಿಂದ ಮೋಡ ನೋಡುವ ಆಸೆ ನನಗಿತ್ತು ಎಂದು ಸಾವಿತ್ರಿ ಆಮೇಲೆ ಎಲ್ಲರಿಗೂ ಹೇಳಿದ್ದಾಳೆ. ಆಸೆ ಇರುವುದು ಅಪರಾಧವಲ್ಲ.) ಬಾಗಿಲು ತೆರೆದದ್ದೇ ತಡ, ನಾನು ಎಲ್ಲರನ್ನೂ ಸವರಿಕೊಂಡು ಒಳಗೆ ನುಗ್ಗಿ, ನಾಲ್ಕು ಸಾಲು ದೂರದಿಂದಲೇ ಗುರಿಯಿಟ್ಟು ಟವೆಲ್ ಎಸೆದೆ. ಅದು ಕಿಟಕಿಯ ಸೀಟಿನ ಮೇಲೆ ಸುಕ್ಕಿಲ್ಲದ ಹಾಗೆ ಬಿತ್ತು. ನಾನು ಹೋಗಿ ಅದರ ಮೇಲೆ ಕೂತು ಬೆಲ್ಟ್ ಹಾಕಿಕೊಂಡೆ.

ಗದಿಗೆಮ್ಮ ಸ್ವಲ್ಪ ತಡವಾಗಿ ಬಂದಳು. "ಏಳು ತಮ್ಮಾ, ಇದು ನಂದು."

"ಯವ್ವಾ, ಟವೆಲ್ ಹಾಕೀನಿ. ನೀ ಮುಂದ ನನ್ನ ಸೀಟಿನಾಗ ಹೋಗಿ ಕುಂದ್ರು. ಅದೂ ಪುಣೆಗೇ ಹೋಗ್ತೈತಿ."

"ಟವೆಲ್ ಹಾಕಾಕ ಇದೇನ ರಾಯಚೂರ ಪ್ಯಾಸೆಂಜರ್ರೇನು? ಮ್ಯಾಲಿಂದ ಭೂಮಿ ಹೆಂಗ ಕಾಣ್ತೈತಿ ನೋಡಬೇಕಂತ ಬಂದೀನಿ ನಾ. ಏಳು."

"ಅಲ್ಲಬೇ, ಈಗ ಹೊರಗ ನಿನ್ನ ಸಲುವಾಗಿ ಕುರ್ಚಿ ಹತ್ತಿ ಬಡದಾಡಿದ್ದು ಯಾರು?"

"ನೀನ. ಭಾಳ ಚೊಲೋ ಮಾತಾಡಿದಿ. ಟಿಕೆಟ್ ಇದ್ದಾಕಿನ್ನ ಎಬ್ಬಸಾಕ ಬ್ರಹ್ಮ ಬಂದ್ರೂ ಆಗಂಗಿಲ್ಲ ಅಂದಿ. ಬ್ರಹ್ಮಗ ಆಗಂಗಿಲ್ಲಂದ್ರ ನಿನ್ನ ಕಡಿಂದ ಹೆಂಗ ಆಗ್ತೈತಿ?" ಎಂದು ಸೊಂಟದ ಮೇಲೆ ಕೈಯಿಟ್ಟು ನಡುದಾರಿಯಲ್ಲಿ ನಿಂತಳು. ಅವಳ ಹಿಂದೆ ಇನ್ನೂ ಐದಾರು ಜನ ನಿಂತಿದ್ದರು.

ಗಗನಸಖಿ ಬಂದಳು. ಸಾರ್, ನಿಮ್ಮ ಸೀಟು ಮುಂದಿದೆ ಎಂದು ಹಿಂದಿಯಲ್ಲಿ ವಿನಂತಿಸಿದಳು. "ಟವೆಲ್ ಡಾಲೇ ನಾ ಮೈ, ದಿಖ್ತಾ ನೈ ಕ್ಯಾ" ಎಂದೆ. ಅವಳು ಯಾವ ಊರಿನವಳೋ, ಆ ಕಾನೂನು ಅವಳಿಗೆ ಗೊತ್ತಿರಲಿಲ್ಲ. ಟವೆಲ್ ಕೇಳುತ್ತಿದ್ದಾನೆ ಅಂದುಕೊಂಡು, ಹೋಗಿ ಒಂದು ಒದ್ದೆ ಕಾಗದದ ಕರವಸ್ತ್ರ ತಂದುಕೊಟ್ಟಳು. ನಾನು ಮುಖ ಒರೆಸಿಕೊಂಡೆನೇ ಹೊರತು ಏಳಲಿಲ್ಲ.

"ಏಳ್ರಿ" ಎಂದಳು ಸಾವಿತ್ರಿ ಹಲ್ಲು ಕಚ್ಚಿ. "ಹೊತ್ತಾಗಾಕತ್ತೈತಿ."

"ನಿನಗ ಅಂಜಿಕಿ ಆಗಬಾರದಂತ ಕುಂತೀನಿ ನಾ."

"ನನಗ ವಿಮಾನದ ಅಂಜಿಕಿ ಇಲ್ರಿ. ನಿಮ್ಮ ಅಂಜಿಕಿನ ಐತಿ."

ಹೊರಗೆ ನನಗೆ ಚಪ್ಪಾಳೆ ತಟ್ಟಿದ್ದ ಜನವೇ ಈಗ ಹಿಂದಿನಿಂದ, "ಉಠೋ ಚಾಚಾ, ಟೈಮ್ ಹೋ ರಹಾ" ಎಂದು ಕೂಗತೊಡಗಿದರು. ಜನತೆಯ ಕೃತಘ್ನತೆ ನನಗೆ ಹೊಸದಲ್ಲ, ಬೇಳೆಯ ವಿಷಯದಲ್ಲೂ ನೋಡಿದ್ದೇನೆ. ಆದರೆ ಅವತ್ತು ತಲೆಗೆ ಪಿತ್ತ ಏರಿತು. ಕಾರ್ಖಾನೆಯ ಗೇಟಿನಲ್ಲಿ ನಿಂತಾಗ ಬರುವ ದನಿ ತಾನಾಗಿಯೇ ಹೊಟ್ಟೆಯಿಂದ ಎದ್ದು ಬಂತು. ತೋಳು ಮೇಲೆತ್ತಿ ಮೂರೂ ಭಾಷೆಯಲ್ಲಿ ಘೋಷಿಸಿದೆ: "ಇವತ್ತ ಇಲ್ಲಿಂದ ಈ ವಿಮಾನ ಹೆಂಗ ಹೋಗ್ತೈತಿ ನಾ ನೋಡ್ತೀನಿ."

ಚಹಾ ಬರಲಿಲ್ಲ. ಗಗನಸಖಿಯ ನಗು ಮಾಯವಾಯಿತು. ಅವಳು ಗೋಡೆಯ ಫೋನು ಎತ್ತಿ ಪೈಲಟ್ಟನ ಜೊತೆ ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿನಲ್ಲೇ ಅದೇ ಕೋಟಿನ ಅಧಿಕಾರಿ ಇಬ್ಬರು ಸೆಕ್ಯೂರಿಟಿಯವರ ಜೊತೆ ಬಂದ. ಈ ಸಲ ನಿಯಮ ಹೇಳಿದವನು ಅವನು. ಬೇರೆಯವರ ಸೀಟು ಆಕ್ರಮಿಸಿ, ಸಿಬ್ಬಂದಿಯ ಮಾತು ಕೇಳದೆ, ವಿಮಾನ ಹೊರಡಲು ಬಿಡುವುದಿಲ್ಲ ಎಂದು ಬೆದರಿಸಿದವನನ್ನು ಇಳಿಸುವ ಅಧಿಕಾರ ವಿಮಾನದ ಕ್ಯಾಪ್ಟನ್ನಿಗೆ ಇದೆ, ಟಿಕೆಟ್ ಇದ್ದರೂ ಅಷ್ಟೇ, ಇಂಥವರಿಗೆ ಪರಿಹಾರವೂ ಇಲ್ಲ, ಊಟದ ಕೂಪನ್ನೂ ಇಲ್ಲ. ಎಲ್ಲವೂ ನಾನು ಓದದೆ ಬಿಟ್ಟ ಆ ಅಧ್ಯಾಯದಲ್ಲಿತ್ತು. ನಾನು ಕುಡಿದಿಲ್ಲ ಎಂದೆ. ಅದಕ್ಕೇ ನಮಗೂ ಆಶ್ಚರ್ಯ ಸಾರ್ ಎಂದ.

ನನ್ನದೊಂದು ಬೆಲ್ಟನ್ನು ಬಿಟ್ಟು ಇನ್ನೊಂದನ್ನು ಅವರೇ ಬಿಚ್ಚಿದರು. ತಲೆ ಎತ್ತಿಕೊಂಡೇ ನಡೆದೆ. ಹುತಾತ್ಮರು ಹೀಗೆಯೇ ನಡೆದಿರಬೇಕು. ಬಾಗಿಲ ಹತ್ತಿರ ಬಂದಾಗ ಹಿಂದೆ ಬಳೆಯ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಸಾವಿತ್ರಿ ಸೀಟಿನಿಂದ ಎದ್ದು ನನ್ನತ್ತಲೇ ಬರುತ್ತಿದ್ದಾಳೆ. ಏನೇ ಬೈಯಲಿ, ಎಷ್ಟೇ ಆಡಿಕೊಳ್ಳಲಿ, ಗಂಡನ ಸಂಕಟದ ಗಳಿಗೆಯಲ್ಲಿ ಮಗಳ ಕುಬುಸವನ್ನೂ ಬಿಟ್ಟು ನನ್ನ ಹಿಂದೆ ಬರುವ ಹೆಂಗಸು ಇವಳು. ಇಳಿದ ಮೇಲೆ ಅವಳಿಗೊಂದು ಒಳ್ಳೆಯ ಸೀರೆ ಕೊಡಿಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಅಧಿಕಾರಿ ಮರ್ಯಾದೆಯಿಂದ ಕೇಳಿದ, "ಮೀರು ಕೂಡಾ ದಿಗುತಾರಾ ಮೇಡಂ?"

"ನೇನೆಂದುಕು ದಿಗುತಾ?" ಎಂದಳು ಸಾವಿತ್ರಿ ಅವನ ಭಾಷೆಯಲ್ಲೇ. "ನಾ ದಗ್ಗರ ಟಿಕೆಟ್ ಉಂದಿ." ನಾನ್ಯಾಕೆ ಇಳಿಯಲಿ, ನನ್ನ ಹತ್ತಿರ ಟಿಕೆಟ್ ಇದೆ ಎಂದು ಅರ್ಥ.

ಹಾಗಂದವಳು ನನ್ನ ಹೆಗಲಿನಿಂದ ಬಟ್ಟೆಯ ಚೀಲ ಕಳಚಿ ತನ್ನ ಹೆಗಲಿಗೆ ಹಾಕಿಕೊಂಡಳು. "ಸೀರಿ ಇದರಾಗ ಐತಿ" ಎಂದಳು. ಎರಡು ಹೆಜ್ಜೆ ಹೋದವಳು ಮತ್ತೆ ತಿರುಗಿದಳು. ನಾನು ಆಸೆಯಿಂದ ನೋಡಿದೆ. "ನಾಳೆ ಹಾಲ ಬ್ಯಾಡಂತ ಹಾಲಿನಾವಗ ಹೇಳಿದ್ದೆ. ಬೇಕಂತ ಹೇಳ್ರಿ. ನೀವು ಮನ್ಯಾಗ ಇರ್ತೀರಲ್ಲ."

ಗದಿಗೆಮ್ಮ ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ನನ್ನ ಟವೆಲ್ ಅವಳ ಅಡಿಯಲ್ಲಿ ಎಲ್ಲೋ ಇತ್ತು. ಕೇಳಲು ಧೈರ್ಯವಾಗಲಿಲ್ಲ.

ಗೇಟಿಗೆ ಬಂದರೆ ರಾಹುಲ ಎದುರಾದ. ನನ್ನ ಸೀಟು ಖಾಲಿಯಾಯಿತಲ್ಲ, ಅವನನ್ನು ಕರೆದಿದ್ದರು. ಒಂದು ಕೈಯಲ್ಲಿ ಊಟದ ಕ್ಯಾರಿಬ್ಯಾಗು, ಇನ್ನೊಂದು ಕೈಯಲ್ಲಿ ಉಚಿತ ಪ್ರಯಾಣದ ಚೀಟಿ. ಮೀಟಿಂಗಿಗೆ ಹೋಗಬೇಕಾದ ದುಃಖ ಮಾತ್ರ ಮುಖದಲ್ಲಿತ್ತು. "ಅಂಕಲ್, ಎಷ್ಟು ಕಷ್ಟಪಟ್ಟು ಸೀಟು ಬಿಟ್ಟುಕೊಟ್ಟಿದ್ದೆ ನಾನು" ಎಂದು ನನ್ನನ್ನೇ ದೂರಿ ಒಳಗೆ ಹೋದ. ನಾನು ಗಾಜಿನ ಆಚೆ ನಿಂತು ನೋಡಿದೆ. ನಾನು ಇಲ್ಲದಿದ್ದರೂ ವಿಮಾನ ಹೋಯಿತು.

ಸೆಕ್ಯೂರಿಟಿಯವರು ಕೂರಿಸಿಕೊಂಡು ಕ್ಷಮೆ ಬರೆದುಕೊಡು ಎಂದರು. ನಾನು "ಪ್ರತಿಭಟನೆಯೊಂದಿಗೆ ಸಲ್ಲಿಸಿದ ಕ್ಷಮೆ" ಎಂದು ಮೇಲೆ ಬರೆದು ಕೊಟ್ಟೆ. ಅವರಿಗೆ ಕನ್ನಡ ಬರುವುದಿಲ್ಲ, ಹಾಗಾಗಿ ತೆಗೆದುಕೊಂಡರು. ಅವರ ಪಾಲಿಗೆ ಅದು ಕ್ಷಮೆ, ನನ್ನ ಪಾಲಿಗೆ ಅದು ಹೋರಾಟದ ಮೊದಲ ಹೆಜ್ಜೆ. ಗ್ರಾಹಕ ನ್ಯಾಯಾಲಯಕ್ಕೆ ಹೋಗುವುದು ಇನ್ನೂ ಬಾಕಿಯಿದೆ. ಟವೆಲ್ಲಿನ ಕಾನೂನನ್ನು ಅಲ್ಲಿ ಎತ್ತುತ್ತೇನೆ.

ಏರ್‌ಪೋರ್ಟ್ ಬಸ್ಸಿನಲ್ಲಿ ಆರಾಂಘರ್‌ವರೆಗೆ ಬಂದು ಕೋಠಿಗೆ ಹೋಗುವ ಸಿಟಿ ಬಸ್ ಹತ್ತಿದೆ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದಮೇಲೆ ಗಂಡಸಿಗೆ ಸೀಟು ಸಿಗುವುದು ಅಷ್ಟರಲ್ಲೇ ಇದೆ. ಆದರೂ ಬಸ್ಸು ತಿರುಗುವಾಗ ಕಿಟಕಿಯ ಪಕ್ಕ ಒಂದು ಸೀಟು ಖಾಲಿ ಕಂಡಿತು. ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಹೆಗಲು ಬರಿದಾಗಿತ್ತು. ಒಬ್ಬ ಹೆಂಗಸು ಅಲ್ಲಿ ತನ್ನ ದುಪಟ್ಟಾ ಎಸೆದಳು. ನಾನು ಕಂಬ ಹಿಡಿದು ನಿಂತೆ.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇತ್ತು. ನನ್ನಿಂದ ವಿಮಾನ ಎಷ್ಟು ತಡವಾಯಿತೋ, ಅವಳು ಮುಟ್ಟಿದಳೋ ಇಲ್ಲವೋ, ಆ ಇಳಕಲ್ ಸೀರೆ ಚೀಲದಲ್ಲೇ ಉಳಿಯಿತೋ ಏನೋ. ಅಷ್ಟರಲ್ಲಿ ಫೋನು ಬಂತು, ಮಿಲಿಂದನ ವಿಡಿಯೋ ಕಾಲ್.

ಪರದೆಯ ಮೇಲೆ ನನ್ನ ಮಗಳು. ಮೈತುಂಬ ಹಸಿರು, ಕೆಂಪು ಸೆರಗು, ಅದು ನಮ್ಮ ಸೀರೆಯೇ. ಬೀಗತಿಯ ಸೀರೆ ತಟ್ಟೆಯಲ್ಲಿ ಮಡಚಿದ ಹಾಗೇ ಇತ್ತು. ನನಗೆ ಕಣ್ಣು ತುಂಬಿ ಏನೂ ಕಾಣದಾಯಿತು. ಬಸ್ಸಿನ ಹೆಂಗಸರು ನನ್ನ ಭುಜದ ಮೇಲಿಂದ ಇಣುಕಿ, "ಬಿಡ್ಡಾ ಎಂತ ಮಂಚಿಗುಂದಿ" ಎಂದು ಮೆಚ್ಚಿಕೊಂಡರು. ಅತ್ತಕಡೆಯಿಂದ ಹಾಡು ಕೇಳಿಸುತ್ತಿತ್ತು, ಅಚ್ಚ ಕನ್ನಡದ ಕುಬುಸದ ಹಾಡು, ಸಂತೆಯಲ್ಲಿ ಬೆಳೆದ ಗಂಟಲಿನಲ್ಲಿ. ಆ ಗಂಟಲು ಯಾರದೆಂದು ನನಗೆ ತಕ್ಷಣ ಗೊತ್ತಾಯಿತು.

"ಗದಿಗೆಮ್ಮಾಯಿನ್ನ ಅವ್ವ ವಿಮಾನದಾಗ ಗುರ್ತು ಮಾಡಕೊಂಡು ಕರಕೊಂಡ ಬಂದಾಳಪ್ಪಾ" ಎಂದಳು ಕಾವ್ಯಾ. "ಎಷ್ಟ ಚೊಲೋ ಹಾಡ್ತಾಳ ನೋಡ್ರಿ. ಮತ್ತ ನಿಮಗ ಜಾಗಾನೂ ಹಿಡದಿಟ್ಟೈತಿ, ಇಲ್ಲಿ ನೋಡ್ರಿ."

ಫೋನು ಪಕ್ಕಕ್ಕೆ ತಿರುಗಿತು. ಮಗಳ ಎದುರಿಗೇ, ಮೊದಲ ಸಾಲಿನಲ್ಲಿ, ಒಂದು ಖಾಲಿ ಕುರ್ಚಿ. ಅದರ ಮೇಲೆ ಕೆಂಪು ಅಂಚಿನ ನನ್ನ ಬಿಳಿ ಟವೆಲ್, ಅಂದವಾಗಿ ಹರವಿತ್ತು.

"ಅವ್ವ ಹಾಕ್ಯಾಳ. ಅಪ್ಪಾ ಬರ್ಲಿ ಬಿಡ್ಲಿ, ಆ ಕುರ್ಚಿ ಅವರದು, ಯಾರೂ ಕುಂದರಬಾರದು ಅಂತ ಹೇಳ್ಯಾಳ."

ನೋಡಿದಿರಾ? ಈ ದೇಶದಲ್ಲಿ ಟವೆಲ್ಲಿಗೆ ಇನ್ನೂ ಬೆಲೆಯಿದೆ. ನನ್ನ ಹೆಂಡತಿಗೆ ನನ್ನ ಬೆಲೆಯೂ ಗೊತ್ತಿದೆ. ಕಂಬ ಹಿಡಿದು ನಿಂತಲ್ಲೇ ನನ್ನ ಎದೆ ಉಬ್ಬಿತು.

ಹಾಡು ಮುಗಿಯಿತು. ಗದಿಗೆಮ್ಮ ಉಸ್ಸೆನ್ನುತ್ತ ಬಂದಳು. ಕುರ್ಚಿಯ ಮೇಲಿನ ಟವೆಲ್ ಎತ್ತಿ, ಕತ್ತಿನ ಬೆವರು ಒರೆಸಿಕೊಂಡು, ನಾಲ್ಕಾಗಿ ಮಡಚಿ ಬೆನ್ನಿಗೆ ಇಟ್ಟುಕೊಂಡು, ಆರಾಮಾಗಿ ಕೂತುಬಿಟ್ಟಳು.

"ಏ ಯವ್ವಾ" ಎಂದು ನಾನು ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದೆ, "ಏಳಬೇ ಮ್ಯಾಲ. ಅದು ನನ್ನ ಜಾಗಾ. ಟವೆಲ್ ಹಾಕಿದ್ದು ಕಾಣಂಗಿಲ್ಲೇನ ನಿನಗ?"

ಗದಿಗೆಮ್ಮ ಫೋನಿನ ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ ನನ್ನನ್ನು ಗುರುತು ಹಿಡಿದಳು. ಅವಳ ಹಿಂದೆ ಸಾವಿತ್ರಿ ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಯಾರು, ತಮ್ಮನೇನು?" ಎಂದಳು ಗದಿಗೆಮ್ಮ. "ಟಿಕೆಟ್ ಐತೇನಪಾ?"